ಔಷಧದ ಚೀಟಿ ಅರ್ಥವಾಗದಿದ್ದರೆ

ಸಕ್ಕರೆ ಕಾಯಿಲೆಗೆ ವೈದ್ಯರು ಚೀಟಿ ಬರೆದುಕೊಡುತ್ತಾರೆ, ಚಿಕಿತ್ಸೆ ನಡೆಯುವುದು ಮಾತ್ರ ಮನೆಯಲ್ಲಿ. ಎಷ್ಟು ಯೂನಿಟ್ ಇನ್ಸುಲಿನ್, ಯಾವ ಮಾತ್ರೆ ಊಟಕ್ಕೆ ಮೊದಲು, ಪಾದದಲ್ಲಿ ಹುಣ್ಣಾದರೆ ಏನು ಮಾಡಬೇಕು? ಇದನ್ನೆಲ್ಲ ದಿನವೂ ನಿರ್ಧರಿಸಬೇಕಾದವರು ರೋಗಿಯೇ. ಓದಿನ ಕೊರತೆ ಪೆಟ್ಟು ಕೊಡುವುದೂ ಇಲ್ಲೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ವೈದ್ಯ ಡೀನ್ ಶಿಲ್ಲಿಂಗರ್ ಮತ್ತು ಸಂಗಡಿಗರು 408 ಮಧುಮೇಹಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಪ್ರಕಟಿಸಿದರು. ಆರೋಗ್ಯದ ಮಾಹಿತಿಯನ್ನು ಓದಿ ತಿಳಿಯಬಲ್ಲವರಲ್ಲಿ ಅಕ್ಷಿಪಟಲದ ತೊಂದರೆ ಶೇ. 19ರಷ್ಟು ಮಂದಿಗಿತ್ತು. ಓದಿ ತಿಳಿಯಲು ತೀರಾ ಕಷ್ಟಪಡುವವರಲ್ಲಿ ಅದು ಶೇ. 36.

ತಪ್ಪು ರೋಗಿಯದೆಂದು ಕೈತೊಳೆದುಕೊಳ್ಳುವುದು ಅನ್ಯಾಯ. ಇದೇ ತಂಡ ಮರುವರ್ಷ ವೈದ್ಯರ ಮಾತುಕತೆಯನ್ನೇ ಪರೀಕ್ಷಿಸಿತು. ತಾವು ಹೇಳಿದ ಹೊಸ ವಿಷಯ ರೋಗಿಗೆ ತಿಳಿಯಿತೇ ಎಂದು ಐದು ಭೇಟಿಗಳಲ್ಲಿ ನಾಲ್ಕರಲ್ಲಿ ವೈದ್ಯರು ಕೇಳಿಯೇ ಇರಲಿಲ್ಲ! "ನಾನು ಹೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಎಂಬಂತೆ ವಿಚಾರಿಸಿಕೊಂಡ ವೈದ್ಯರ ರೋಗಿಗಳಲ್ಲಿ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು.

ಇನ್ನೊಂದು ಪುರಾವೆ ಇನ್ನೂ ಭರವಸೆಯದು. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ, ಟೈಪ್ 1 ಮಧುಮೇಹವಿದ್ದ 1,441 ಜನರ ಮೇಲೆ ದೊಡ್ಡ ಪ್ರಯೋಗವೊಂದು ನಡೆಯಿತು. ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಬಿಗಿಯಾದ ಕ್ರಮ, ಆಗಾಗ ರಕ್ತಪರೀಕ್ಷೆ, ಸಿಬ್ಬಂದಿಯ ನಿರಂತರ ಸಂಪರ್ಕ. ಅರ್ಥಶಾಸ್ತ್ರಜ್ಞರಾದ ಡಾನಾ ಗೋಲ್ಡ್‌ಮನ್ ಮತ್ತು ಜೇಮ್ಸ್ ಸ್ಮಿತ್ ಆ ಅಂಕಿಅಂಶಗಳನ್ನು ಮತ್ತೆ ಜಾಲಾಡಿದಾಗ, ಬಿಗಿ ಕ್ರಮದಿಂದ ಹೆಚ್ಚು ಲಾಭ ಪಡೆದವರು ಕಡಿಮೆ ಓದಿದವರೇ ಎಂಬುದು ತಿಳಿಯಿತು.