ಕೊಲ್ಲಿಯ ದುಡಿಮೆ, ಊರಿನ ತೆರಿಗೆ

ಕಾಸರಗೋಡು, ಮಂಜೇಶ್ವರದ ಕಡೆ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಮನೆಗಳು ಕಡಿಮೆ. ಸಂಬಳದ ನೌಕರಿಗಷ್ಟೇ ಅಲ್ಲ, ಸ್ವತಂತ್ರ ಸಲಹೆಗಾರರಾಗಿಯೂ ದುಬೈಗೆ ಹೋಗುವವರಿದ್ದಾರೆ. ‘ಅಲ್ಲಿ ಸಂಪಾದನೆಗೆ ತೆರಿಗೆಯಿಲ್ಲ, ಹಾಗಾಗಿ ಇಲ್ಲಿಯೂ ಕಟ್ಟಬೇಕಿಲ್ಲ’ ಎಂದು ಹಲವರು ನಂಬಿದ್ದಾರೆ. ಈ ನಂಬಿಕೆ ಅಪಾಯದ್ದು. ಆ ವರ್ಷ ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂಬುದನ್ನು ಕಾನೂನು ಮೊದಲು ಕೇಳುತ್ತದೆ.

ಲೆಕ್ಕ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೊರಟ ಭಾರತೀಯ ಪ್ರಜೆ ಆ ವರ್ಷ ಇಲ್ಲಿ 182 ದಿನ ಇದ್ದರೆ ‘ನಿವಾಸಿ’. ಅದಕ್ಕಿಂತ ಕಡಿಮೆಯಾದರೆ ‘ಅನಿವಾಸಿ’. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸ ಮಾತ್ರವಲ್ಲ, ಸ್ವಂತ ವೃತ್ತಿಯೂ ಸೇರುತ್ತದೆ ಎಂಬ ಕೇರಳ ಹೈಕೋರ್ಟಿನ ತೀರ್ಪು 2011ರ ಕಾನೂನು ವರದಿಗಳಲ್ಲಿ ಪ್ರಕಟವಾಗಿದೆ.

ಒಂದು ಉದಾಹರಣೆ ನೋಡಿ. ನೀವು ಸೆಪ್ಟೆಂಬರ್ 20ರಂದು ಮೊದಲ ಬಾರಿಗೆ ವಿಮಾನ ಹತ್ತಿದಿರಿ. ಅಲ್ಲಿಗೆ 173 ದಿನ. ಜನವರಿಯಲ್ಲಿ ತಂಗಿಯ ಮದುವೆಗೆಂದು ಬಂದು 9 ದಿನ ಉಳಿದಿರಿ. 182 ಭರ್ತಿಯಾಯಿತು! ದುಬೈಯಲ್ಲಿ ಗಳಿಸಿದ ಶುಲ್ಕವೂ ಇಲ್ಲಿಯ ಲೆಕ್ಕಕ್ಕೆ ಬಂತು. ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿಕೊಳ್ಳುವುದು ಕ್ಷೇಮ. ಪಾಸ್‌ಪೋರ್ಟಿನ ಮೊಹರುಗಳೇ ನಿಮ್ಮ ಸಾಕ್ಷಿ.

ಅಲ್ಲಿಯೇ ನೆಲೆಸಿ ಊರಿಗೆ ಭೇಟಿಗಾಗಿ ಬರುವವರಿಗೂ ಮಿತಿ 182 ದಿನವೇ. ಆದರೆ ಭಾರತದಲ್ಲಿನ ಆದಾಯ 15 ಲಕ್ಷ ರೂಪಾಯಿ ದಾಟಿದವರಿಗೆ, 2020ರ ತಿದ್ದುಪಡಿಯ ಪ್ರಕಾರ, 120 ದಿನದಿಂದಲೇ ನಿಯಮ ಬಿಗಿಯಾಗುತ್ತದೆ.

ಅನಿವಾಸಿಯಾದ ಮಾತ್ರಕ್ಕೆ ಎಲ್ಲವೂ ಮಾಫಿಯಲ್ಲ. ಊರಿನ ಮನೆಯ ಬಾಡಿಗೆ, ಎನ್‌ಆರ್‌ಒ ಖಾತೆಯ ಬಡ್ಡಿ ಇವಕ್ಕೆ ತೆರಿಗೆಯುಂಟು. ಅಡಿಕೆ ತೋಟದ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ದುಬೈ ಕಂಪೆನಿಯ ಕೆಲಸವನ್ನೇ ಊರಿನ ಚಾವಡಿಯಲ್ಲಿ ಕುಳಿತು ಮಾಡಿದರೆ ಆ ಸಂಪಾದನೆ ಭಾರತದ್ದೆಂದು ಪರಿಗಣಿತವಾಗಬಹುದು. ಶುಲ್ಕ ನೇರವಾಗಿ ಇಲ್ಲಿಯ ಖಾತೆಗೆ ಬಂದರೂ ತಕರಾರು ಏಳಬಹುದು. ಮೊದಲು ಅಲ್ಲಿಯ ಖಾತೆಗೆ ಪಡೆದು, ಆಮೇಲೆ ಮನೆಗೆ ಕಳಿಸುವುದು ಜಾಣತನ.

2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ 2025ರ ಆದಾಯ ತೆರಿಗೆ ಕಾಯಿದೆ ‘ತೆರಿಗೆ ವರ್ಷ’ ಎಂಬ ಹೊಸ ಹೆಸರನ್ನು ತಂದಿತು. 182 ದಿನದ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಭಾರತ ಮತ್ತು ಯುಎಇ ನಡುವೆ ತೆರಿಗೆ ಒಪ್ಪಂದವೂ ಇದೆ. ದಿನಗಳು ಗಡಿಯ ಹತ್ತಿರ ಬಂದವರಿಗೆ ಅದರಿಂದ ಪರಿಹಾರ ಸಿಗುವುದೇ ಎಂದು ಲೆಕ್ಕಪರಿಶೋಧಕರನ್ನು ವಿಚಾರಿಸಿ.

ದುಬೈಯ ಗುತ್ತಿಗೆ ಪತ್ರ, ಬಿಲ್ಲು, ಬ್ಯಾಂಕಿನ ವಿವರ, ಟಿಕೆಟು ಎಲ್ಲವನ್ನೂ ಒಂದು ಕಡತದಲ್ಲಿ ಜೋಪಾನ ಮಾಡಿ. ಊರಿಗೆ ಟಿಕೆಟ್ ತೆಗೆಯುವ ಮುನ್ನ ಕ್ಯಾಲೆಂಡರ್ ತೆರೆದು ದಿನ ಎಣಿಸಿ. ಬೆವರು ಸುರಿಸಿ ಗಳಿಸಿದ ಹಣ ನೋಟೀಸಿಗೆ ಉತ್ತರ ಬರೆಯುವುದರಲ್ಲೇ ಕರಗದಿರಲಿ.