ಕ್ಯಾಪ್ಟನ್ ಕುರ್ಚಿಯಲ್ಲಿ ಕೂರುವವರು ಯಾರು?

ಬೇಸಿಗೆ ರಜೆಗೆ ಮುನ್ನ ನಮ್ಮ ಮನೆಯಲ್ಲೊಂದು ಒಪ್ಪಂದವಾಯಿತು. ಎಂಟನೆಯ ತರಗತಿಯ ಮಗಳಿಗೆ ದಿನಕ್ಕೆ ಒಂದೇ ಗಂಟೆ ಟೀವಿ. ಆದರೆ ಆ ಒಂದು ಗಂಟೆ ಅಪ್ಪ, ಅಮ್ಮನೂ ಪಕ್ಕದಲ್ಲಿ ಕೂರಬೇಕು. ಏನು ನೋಡುವುದು ಎಂಬ ಚರ್ಚೆ ಎರಡು ದಿನ ನಡೆದು, ಕೊನೆಗೆ ನನ್ನ ಹಟ ಗೆದ್ದಿತು: ‘ಸ್ಟಾರ್ ಟ್ರೆಕ್’, ಮೊದಲ ಕಂತಿನಿಂದ!

ಹುಡುಗನಾಗಿದ್ದಾಗ ದೂರದರ್ಶನದಲ್ಲಿ, ಪಕ್ಕದ ಮನೆಯ ಕಿಟಕಿಗೆ ಆತುಕೊಂಡು, ಇಂಗ್ಲಿಷ್ ಅರ್ಥವಾಗದಿದ್ದರೂ ಬಾಯಿ ಬಿಟ್ಟುಕೊಂಡು ನೋಡಿದ್ದ ಧಾರಾವಾಹಿ ಅದು. ಉದ್ದ ಕಿವಿಯ ಸ್ಪಾಕ್ ಮಾತ್ರ ನೆನಪಿನಲ್ಲಿ ಉಳಿದಿದ್ದ. ಈ ಸಲ 79 ಕಂತುಗಳನ್ನೂ ಸಾಲಾಗಿ ನೋಡಿದೆವು. ರಜೆ ಮುಗಿದ ಮೇಲೆ ಉಳಿದವು ಭಾನುವಾರಗಳ ಪಾಲಾದವು.

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಇದರ ಪ್ರಸಾರ ಆರಂಭವಾದದ್ದು 1966ರ ಸೆಪ್ಟೆಂಬರ್ 8ರಂದು. ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್ ಕೆಲಸ ಮಾಡಿ ಬರಹಕ್ಕೆ ಇಳಿದವರು. ಕಥೆ ನಡೆಯುವುದು 23ನೆಯ ಶತಮಾನದಲ್ಲಿ. ‘ಎಂಟರ್‌ಪ್ರೈಸ್’ ಎಂಬ ನೌಕೆಯ ಕ್ಯಾಪ್ಟನ್ ಕರ್ಕ್ ಮತ್ತು ಸಂಗಡಿಗರು ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುತ್ತಾರೆ.

ಇಂದಿನ ಮಕ್ಕಳಿಗೆ ಇದರ ಸೆಟ್ಟುಗಳು ನಗು ತರಿಸಿದರೆ ಆಶ್ಚರ್ಯವಿಲ್ಲ. ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಮರೆಯಲ್ಲಿ ನಿಂತ ಕೆಲಸಗಾರರು ಕೈಯಿಂದಲೇ ಎಳೆಯುತ್ತಿದ್ದರು! ಡಾಕ್ಟರ್ ಮೆಕಾಯ್ ಹಿಡಿಯುವ ಕೆಲವು ಉಪಕರಣಗಳು ನಿಜವಾಗಿ ಊಟದ ಮೇಜಿನ ಉಪ್ಪಿನ ಡಬ್ಬಿಗಳು. ಮನುಷ್ಯರನ್ನು ಕಣಗಳಾಗಿಸಿ ಗ್ರಹಕ್ಕೆ ಇಳಿಸುವ ‘ಟ್ರಾನ್ಸ್‌ಪೋರ್ಟರ್’ ಹುಟ್ಟಿದ್ದೂ ಹಣದ ಅಭಾವದಿಂದ. ಪ್ರತಿ ವಾರ ನೌಕೆಯನ್ನು ನೆಲಕ್ಕಿಳಿಸುವ ದೃಶ್ಯ ತೆಗೆಯುವುದು ದುಬಾರಿಯಾಗಿತ್ತು.

ವಿಜ್ಞಾನದ ಪರೀಕ್ಷೆಗೂ ಇದು ಒಳ್ಳೆಯ ಪಠ್ಯವೇ. ಗಾಳಿಯಿಲ್ಲದ ಅಂತರಿಕ್ಷದಲ್ಲಿ ನೌಕೆ ‘ಭರ್’ ಎಂದು ಸದ್ದು ಮಾಡುವುದಾದರೂ ಹೇಗೆ? ಮಗಳು ಎರಡನೆಯ ದಿನವೇ ಹಿಡಿದಳು. ಬೆಳಕಿಗಿಂತ ವೇಗವಾಗಿ ಓಡುವ ‘ವಾರ್ಪ್’ ಏಕೆ ಬೇಕಾಯಿತು ಎಂದು ಲೆಕ್ಕ ಹಾಕಿದೆವು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇರುವುದು ಸುಮಾರು 4.24 ಜ್ಯೋತಿರ್ವರ್ಷ ದೂರದಲ್ಲಿ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಸಾಗುವ ವಾಯೇಜರ್–1ರ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಬೇಕಾಗುವುದು ಸುಮಾರು 75,000 ವರ್ಷ! ಅಷ್ಟು ಕಾಯುವ ಪ್ರೇಕ್ಷಕರು ಎಲ್ಲಿದ್ದಾರೆ?

1967ರ ಒಂದು ಕಂತಿನ ಖಳನಾಯಕ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದವನಿರಬೇಕೆಂದು ನೌಕೆಯ ಇತಿಹಾಸಜ್ಞೆ ಊಹಿಸುತ್ತಾಳೆ. ಪಾತ್ರ ಮಾಡಿದ ರಿಕಾರ್ಡೊ ಮಾಂಟಲ್‌ಬಾನ್ ಹುಟ್ಟಿದ್ದು ಮೆಕ್ಸಿಕೊದಲ್ಲಿ. ಈ ಖಾನ್ 1990ರ ದಶಕದಲ್ಲಿ ಭೂಮಿಯ ಕಾಲುಭಾಗವನ್ನು ಆಳಿದನಂತೆ! ಆ ದಶಕ ದಾಟಿ ಬಂದ ನಮಗೆ ಅಂಥ ಯಾರೂ ಎದುರಾಗಲಿಲ್ಲ. ಕಥೆಗಾರ ಜೋಯಿಸನಲ್ಲ ಎಂಬುದು ಮಗಳಿಗೆ ಅಲ್ಲೇ ಖಚಿತವಾಯಿತು.

ಆದರೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ. ನಾವು ಶುರು ಮಾಡಿದ್ದು ವಾಹಿನಿ ತಿರಸ್ಕರಿಸಿದ್ದ ಮೊದಲ ಮಾದರಿ ಕಂತು ‘ದ ಕೇಜ್’ನಿಂದ. ಅದರಲ್ಲಿ ಕ್ಯಾಪ್ಟನ್‌ನ ನಂತರದ ಸ್ಥಾನ ಒಬ್ಬ ಹೆಣ್ಣುಮಗಳದು. ಕ್ಯಾಪ್ಟನ್ ಸೆರೆಯಾದಾಗ ಆಕೆಯೇ ನೌಕೆ ನಡೆಸುತ್ತಾಳೆ. ಎರಡನೆಯ ಮಾದರಿ ಕಂತಿನ ಹೊತ್ತಿಗೆ ಆ ಪಾತ್ರವೇ ಮಾಯ! ಕೊನೆಯ ಕಂತು ಪ್ರಸಾರವಾದದ್ದು 1969ರ ಜೂನ್ 3ರಂದು. ಅದರಲ್ಲಿ ಒಬ್ಬ ವಿಜ್ಞಾನಿ, ಕ್ಯಾಪ್ಟನ್‌ಗಳ ಲೋಕದಲ್ಲಿ ಹೆಂಗಸರಿಗೆ ಜಾಗವಿಲ್ಲವೆಂದು ಕರ್ಕ್ ಮುಂದೆ ಗೋಳಾಡುತ್ತಾಳೆ. ಏಳು ವಾರ ಕಳೆಯುವುದರೊಳಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ.

‘ಅಪ್ಪಾ, ಮೊದಲನೇದರಲ್ಲಿ ಆಕೇನೇ ನೌಕೆ ನಡೆಸಿದ್ಲಲ್ಲ?’ ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ. 300 ವರ್ಷ ಮುಂದಿನ ಯಂತ್ರಗಳನ್ನು ಊಹಿಸಿದವರಿಗೆ ಆ ಕುರ್ಚಿಯಲ್ಲಿ ಹೆಣ್ಣನ್ನು ಕೂರಿಸುವುದು ಕಷ್ಟವಾಗಿತ್ತು.

ಹಾಗೆಂದು ಅವರು ಏನೂ ಮಾಡಲಿಲ್ಲವೆಂದಲ್ಲ. ಶೀತಲ ಸಮರದ ದಿನಗಳಲ್ಲೇ ರಷ್ಯದ ಚೆಕೊವ್ ಆ ನೌಕೆಯೇರಿದ. ಸುಲು ಪಾತ್ರದ ಜಾರ್ಜ್ ಟಕೇಯಿ ಜಪಾನಿ ಮೂಲದವರೆಂಬ ಕಾರಣಕ್ಕೆ ಬಾಲ್ಯದಲ್ಲಿ ಅಮೆರಿಕದ್ದೇ ಬಂಧನ ಶಿಬಿರಗಳಲ್ಲಿ ಇದ್ದವರು. ಸಂಪರ್ಕಾಧಿಕಾರಿ ಉಹುರಾ ಪಾತ್ರದ ಕಪ್ಪು ನಟಿ ನಿಶೆಲ್ ನಿಕಲ್ಸ್ ಮೊದಲ ವರ್ಷದ ಕೊನೆಗೆ ಬಿಟ್ಟು ಹೋಗಲು ಹೊರಟಿದ್ದರು. ಆಗ ಭೇಟಿಯಾದ ಮಾರ್ಟಿನ್ ಲೂಥರ್ ಕಿಂಗ್ ‘ಬಿಡಬೇಡಿ’ ಎಂದು ತಡೆದರೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಉಳಿದರು. 1977ರಲ್ಲಿ ನಾಸಾ ಪರವಾಗಿ ಊರೂರು ಸುತ್ತಿ, ಗಗನಯಾತ್ರಿ ಹುದ್ದೆಗೆ ಅರ್ಜಿ ಹಾಕಿರೆಂದು ಹೆಂಗಸರನ್ನೂ ಕಪ್ಪು ಜನರನ್ನೂ ಕರೆದರು. ಮರುವರ್ಷ ಆಯ್ಕೆಯಾದ 35 ಮಂದಿಯಲ್ಲಿ ಆರು ಮಹಿಳೆಯರಿದ್ದರು.

ಬಾಲ್ಯದಲ್ಲಿ ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದರು. 1999ರಲ್ಲಿ, ಆ ಕೊನೆಯ ಕಂತಿನ 30 ವರ್ಷಗಳ ನಂತರ, ಐಲೀನ್ ಕಾಲಿನ್ಸ್ ಕೊಲಂಬಿಯಾ ನೌಕೆಯ ಕಮಾಂಡರ್ ಆದರು. ಕಥೆಗಾರರು 23ನೆಯ ಶತಮಾನಕ್ಕೂ ಕೊಡದಿದ್ದ ಕುರ್ಚಿ 20ನೆಯ ಶತಮಾನದಲ್ಲೇ ಸಿಕ್ಕಿತು!

ತಂದೆತಾಯಂದಿರೇ, ಹಳೆಯ ಧಾರಾವಾಹಿಯೊಂದನ್ನು ಮಕ್ಕಳೊಡನೆ ಮೊದಲಿನಿಂದ ನೋಡಿ. ಇದರಲ್ಲಿ ತಪ್ಪೇನಿದೆ, ಯಾರು ಕಾಣುತ್ತಿಲ್ಲ ಎಂದು ಅವರನ್ನೇ ಕೇಳಿ. ನಮ್ಮ ಮನೆಯ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಈಗೊಂದು ನೌಕೆಯ ಚಿತ್ರವಿದೆ. ಕ್ಯಾಪ್ಟನ್ ಕುರ್ಚಿಯಲ್ಲಿ ಕೂತವಳಿಗೆ ಎರಡು ಜಡೆ.