ಪೋರ್ಟಿಂಗ್ ವೆಚ್ಚವೂ ಅಢಾವೆ ಪತ್ರಿಕೆಯೂ: ಬ್ಲ್ಯಾಕ್‌ಬೆರಿ 10ರ ಲೆಕ್ಕ

ಒಂದು ಕಾರ್ಯಾಚರಣಾ ವ್ಯವಸ್ಥೆಗೆಂದು ಬರೆದ ಮೊಬೈಲ್ ಆಪ್ ಅನ್ನು ಮತ್ತೊಂದು ವ್ಯವಸ್ಥೆಗೆ ಒಗ್ಗಿಸುವ ಕೆಲಸಕ್ಕೆ ತಂತ್ರಾಂಶ ವಲಯದಲ್ಲಿ ಪೋರ್ಟಿಂಗ್ ಎನ್ನುತ್ತಾರೆ. ಜನಪ್ರಿಯ ವ್ಯವಸ್ಥೆಗೆ ಪೋರ್ಟ್ ಮಾಡಿದಾಗ ಲೆಕ್ಕ ಸರಳ, ಬಳಕೆದಾರರಿದ್ದಾರೆ, ಆದಾಯವಿದೆ. ಆದರೆ ಮಾರುಕಟ್ಟೆಯಲ್ಲಿ ನೆಲೆ ಕಳೆದುಕೊಳ್ಳುತ್ತಿರುವ ಸಂಸ್ಥೆಯೊಂದು ತಾನೇ ಹಣ ಕೊಟ್ಟು ಆಪ್‌ಗಳನ್ನು ಬರಮಾಡಿಕೊಳ್ಳುವಾಗ, ಆ ಕೆಲಸಕ್ಕಾಗಿ ಮಾಡಿದ ವೆಚ್ಚವನ್ನು ಆಸ್ತಿಯೆಂದು ತೋರಿಸಬೇಕೇ, ನಷ್ಟವೆಂದೇ? 2013ರಲ್ಲಿ ಈ ಪ್ರಶ್ನೆ ಕಕ್ಷಿದಾರರೊಬ್ಬರ ಕಡತದೊಂದಿಗೆ ನನ್ನ ಮೇಜಿಗೆ ಬಂದಿತ್ತು. ನಾನು ಅಂದು ಕೊಟ್ಟ ಉತ್ತರ ಇಂದು ನನಗೇ ಪೂರ್ಣವಾಗಿ ಒಪ್ಪಿಗೆಯಾಗುತ್ತಿಲ್ಲ.

ಕೆನಡಾದ ರಿಸರ್ಚ್ ಇನ್ ಮೋಷನ್ ಸಂಸ್ಥೆಯ ಬ್ಲ್ಯಾಕ್‌ಬೆರಿ 2009ರಲ್ಲಿ ಜಾಗತಿಕ ಸ್ಮಾರ್ಟ್‌ಫೋನ್ ಮಾರಾಟದಲ್ಲಿ ಶೇಕಡ 20ರಷ್ಟು ಪಾಲು ಹೊಂದಿತ್ತು. ಐಫೋನ್ ಮತ್ತು ಆಂಡ್ರಾಯ್ಡ್ ಮುಂದೆ ಈ ಪಾಲು ಕರಗತೊಡಗಿದಾಗ, 2010ರಲ್ಲಿ ತಾನು ಕೊಂಡಿದ್ದ ಕ್ಯೂಎನ್‌ಎಕ್ಸ್ ತಂತ್ರಾಂಶದ ಆಧಾರದ ಮೇಲೆ ಸಂಸ್ಥೆಯು ಹೊಸದೊಂದು ವ್ಯವಸ್ಥೆಯನ್ನು ಕಟ್ಟಿತು. ಅದೇ ಬ್ಲ್ಯಾಕ್‌ಬೆರಿ 10. ಬಿಡುಗಡೆಯಾದದ್ದು 2013ರ ಜನವರಿ 30ರಂದು; ಸಂಸ್ಥೆಯೂ ಅಂದೇ ತನ್ನ ಹೆಸರನ್ನು ಬ್ಲ್ಯಾಕ್‌ಬೆರಿ ಎಂದು ಬದಲಾಯಿಸಿಕೊಂಡಿತು. ಹಳೆಯ ಬ್ಲ್ಯಾಕ್‌ಬೆರಿ ಫೋನುಗಳಿಗೆ ಜಾವಾದಲ್ಲಿ ಬರೆದಿದ್ದ ಆಪ್‌ಗಳು ಹೊಸದರಲ್ಲಿ ನಡೆಯುತ್ತಿರಲಿಲ್ಲ. ಅಂದರೆ ಸಂಸ್ಥೆಯನ್ನು ನಂಬಿ ಹಿಂದಿನಿಂದ ಜೊತೆಗಿದ್ದವರೂ ಮೊದಲಿನಿಂದ ಆರಂಭಿಸಬೇಕಾಯಿತು.

ಈ ಕೊರತೆಯನ್ನು ತುಂಬಲು ಸಂಸ್ಥೆ ಹಿಡಿದ ದಾರಿ ವಾಣಿಜ್ಯದ ವಿದ್ಯಾರ್ಥಿಗಳಿಗೆ ಕುತೂಹಲಕರವಾದದ್ದು. 2013ರ ಜನವರಿಯಲ್ಲಿ ನಡೆಸಿದ ‘ಪೋರ್ಟ್-ಎ-ಥಾನ್’ನಲ್ಲಿ ಅನುಮೋದನೆ ಪಡೆದ ಪ್ರತಿ ಆಪ್‌ಗೆ 100 ಡಾಲರ್ ಘೋಷಿಸಲಾಯಿತು. ಮೂವತ್ತೇಳೂವರೆ ಗಂಟೆಗಳಲ್ಲಿ 15,000 ಆಪ್‌ಗಳು ಬಂದವೆಂದು ಸಂಸ್ಥೆಯೇ ಪ್ರಕಟಿಸಿತು. ಅಂದಿನ ವಿನಿಮಯ ದರದಲ್ಲಿ 100 ಡಾಲರ್ ಎಂದರೆ ಸುಮಾರು 5,400 ರೂಪಾಯಿ. ಈ ಮೊತ್ತಕ್ಕೆ ಎಂಥ ಆಪ್ ಬರಬಹುದೆಂಬುದನ್ನು ಓದುಗರೇ ಊಹಿಸಬಹುದು. ಅದೇ ವರ್ಷದ ಆಗಸ್ಟ್ ವೇಳೆಗೆ ಬ್ಲ್ಯಾಕ್‌ಬೆರಿಯ ಅಂಗಡಿಯಲ್ಲಿದ್ದ ಸುಮಾರು 1,20,000 ಆಪ್‌ಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹಾಂಗ್‌ಕಾಂಗ್‌ನ ಒಂದೇ ಸಂಸ್ಥೆಯವಾಗಿದ್ದುವೆಂಬ ವರದಿ ಬಂತು. ಇನ್‌ಸ್ಟಾಗ್ರಾಂ ಮತ್ತು ನೆಟ್‌ಫ್ಲಿಕ್ಸ್ ಮಾತ್ರ ಕೊನೆಯವರೆಗೂ ಈ ವ್ಯವಸ್ಥೆಗೆಂದು ಆಪ್ ಮಾಡಲಿಲ್ಲ.

ಇನ್ನೊಂದು ಯೋಜನೆ ಹೆಚ್ಚು ಗಂಭೀರವಾದದ್ದು. ನಿಗದಿತ ಗುಣಮಟ್ಟ ತಲುಪಿದ ಆಪ್ ಮೊದಲ ವರ್ಷದಲ್ಲಿ ಕನಿಷ್ಠ 1,000 ಡಾಲರ್ ಗಳಿಸಿದರೆ, ಅದು 10,000 ಡಾಲರಿಗೆ ಎಷ್ಟು ಕಡಿಮೆಯಿರುವುದೋ ಅಷ್ಟನ್ನು ತಾನು ತುಂಬಿಕೊಡುವುದಾಗಿ ಸಂಸ್ಥೆ ವಾಗ್ದಾನ ಮಾಡಿತ್ತು. ನನ್ನ ಕಕ್ಷಿದಾರರ ಕಣ್ಣಿಗೆ ಬಿದ್ದದ್ದು ಆ 10,000, ಮುಖ್ಯವಾದದ್ದು 1,000. ತೊಂಬತ್ತೊಂಬತ್ತು ಸೆಂಟ್ ಬೆಲೆಯ ಆಪ್ ಸಾವಿರಕ್ಕೂ ಹೆಚ್ಚು ಮಂದಿಗೆ ಮಾರಾಟವಾಗದೆ ಆ ಬಾಗಿಲೇ ತೆರೆಯುವುದಿಲ್ಲ. ಇಂಥ ಷರತ್ತುಬದ್ಧ ಮೊತ್ತವನ್ನು ಲೆಕ್ಕಪತ್ರ ಮಾನಕ 29ರ ಪ್ರಕಾರ ಆಸ್ತಿಯಾಗಿ ತೋರಿಸುವಂತಿಲ್ಲ. ಪಾಲುದಾರರಿಬ್ಬರೂ ಅದನ್ನು ತೋರಿಸಿರಲಿಲ್ಲ, ನಿಜ. ಆದರೆ ಮನಸ್ಸಿನಲ್ಲಿ ಜಮಾ ಮಾಡಿಕೊಂಡಿದ್ದರು.

ಅವರದು ಬೆಂಗಳೂರಿನ ಪುಟ್ಟ ಪಾಲುದಾರಿಕೆ ಸಂಸ್ಥೆ. ಮಾರಾಟ ಪ್ರತಿನಿಧಿಗಳು ಆರ್ಡರು ಹಾಗೂ ಪ್ರಯಾಣದ ಖರ್ಚನ್ನು ಬರೆದಿಡುವ ಆಂಡ್ರಾಯ್ಡ್ ಆಪ್ ಅವರಲ್ಲಿತ್ತು. ಆಂಡ್ರಾಯ್ಡ್ ಆಪ್‌ಗಳನ್ನು ಮರುಕಟ್ಟು ಮಾಡಿ ಹಾಗೆಯೇ ಓಡಿಸುವ ಸೌಲಭ್ಯ ಬ್ಲ್ಯಾಕ್‌ಬೆರಿ 10ರಲ್ಲಿತ್ತಾದ್ದರಿಂದ ಕೆಲಸ ಒಂದು ವಾರದ್ದೆಂದು ಅವರು ಎಣಿಸಿದ್ದರು. ಆದರೆ ಬಿಡುಗಡೆಯ ಹೊತ್ತಿಗೆ ಆ ಸೌಲಭ್ಯ ಆಂಡ್ರಾಯ್ಡ್‌ನ 2.3ನೆಯ ಆವೃತ್ತಿಗೆ, ಅಂದರೆ 2010ರ ಆವೃತ್ತಿಗೆ ಸೀಮಿತವಾಗಿತ್ತು. ಗೂಗಲ್‌ನ ನಕ್ಷೆ ಸೇವೆಯನ್ನು ನೆಚ್ಚಿದ ಭಾಗಗಳು ಅಲ್ಲಿ ನಡೆಯುತ್ತಿರಲಿಲ್ಲ. ಕೊನೆಗೆ ಆಪ್ ಅನ್ನು ಸಿ++ ಭಾಷೆಯಲ್ಲಿ ಹೊಸದಾಗಿಯೇ ಬರೆಯಬೇಕಾಯಿತು. ಇಬ್ಬರು ಪ್ರೋಗ್ರಾಮರ್‌ಗಳ ನಾಲ್ಕು ತಿಂಗಳ ಸಂಬಳ ಅದಕ್ಕೆ ಹೋಯಿತು. ಮುಂದೆ ಪ್ರತಿ ತಿದ್ದುಪಡಿಯನ್ನೂ ಎರಡು ಬಾರಿ ಬರೆಯಬೇಕು, ಎರಡು ಬಾರಿ ಪರೀಕ್ಷಿಸಬೇಕು. ಈ ನಿತ್ಯದ ವೆಚ್ಚವನ್ನು ಯಾವ ಪ್ರೋತ್ಸಾಹಧನವೂ ಭರಿಸುತ್ತಿರಲಿಲ್ಲ.

ನಾಲ್ಕು ತಿಂಗಳ ಆ ಸಂಬಳವನ್ನು ಅವರು 2013ರ ಮಾರ್ಚ್ 31ರ ಅಢಾವೆ ಪತ್ರಿಕೆಯಲ್ಲಿ ಅಮೂರ್ತ ಆಸ್ತಿಯೆಂದು ತೋರಿಸಿದ್ದರು. ಲೆಕ್ಕಪತ್ರ ಮಾನಕ 26 ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಆ ಆಸ್ತಿಯಿಂದ ಮುಂದೆ ಆರ್ಥಿಕ ಲಾಭ ಹರಿದುಬರುವ ಸಂಭವವಿರಬೇಕು. ನಾನು ಈ ಮಾತೆತ್ತಿದಾಗ ಹಿರಿಯ ಪಾಲುದಾರರು, “ಸಾರ್, ಆಪ್ ಕೆಲಸ ಮಾಡ್ತಾ ಇದೆ, ಸ್ಟೋರಿನಲ್ಲೂ ಇದೆ. ಇಲ್ಲ ಅಂತ ಹೇಗೆ ಬರೀತೀರಿ?” ಎಂದರು. ಅವರ ಚಿಂತೆ ಬೇರೆಯೇ ಇತ್ತು. ಬ್ಯಾಂಕಿನ ಓವರ್‌ಡ್ರಾಫ್ಟ್ ನವೀಕರಣ ಹತ್ತಿರವಿತ್ತು. ಈ ಮೊತ್ತ ವಜಾ ಆದರೆ ಪಾಲುದಾರರ ಬಂಡವಾಳ ಬ್ಯಾಂಕು ಬಯಸಿದ ಮಟ್ಟಕ್ಕಿಂತ ಕೆಳಗಿಳಿಯುತ್ತಿತ್ತು. ಆರು ಮಂದಿ ನೌಕರರ ಸಂಬಳ ಆ ಓವರ್‌ಡ್ರಾಫ್ಟಿನಿಂದಲೇ ನಡೆಯುತ್ತಿತ್ತು.

ಪರಿಶೋಧನಾ ವರದಿಗೆ ಸಹಿ ಹಾಕುವ ಮುನ್ನವೇ, ಸೆಪ್ಟೆಂಬರ್ ಮೂರನೆಯ ವಾರದಲ್ಲಿ, ಬ್ಲ್ಯಾಕ್‌ಬೆರಿಯಿಂದ ಸುದ್ದಿ ಬಂತು. ಮಾರಾಟವಾಗದೆ ಉಳಿದ ಫೋನುಗಳ, ಮುಖ್ಯವಾಗಿ ಝೆಡ್10ರ, ದಾಸ್ತಾನಿನ ಮೌಲ್ಯದಲ್ಲಿ ಸುಮಾರು 93 ಕೋಟಿ ಡಾಲರನ್ನು ಸಂಸ್ಥೆ ವಜಾ ಮಾಡಲಿತ್ತು. 4,500 ಉದ್ಯೋಗಗಳಿಗೆ ಕತ್ತರಿ ಬೀಳಲಿತ್ತು. ವ್ಯವಸ್ಥೆಯ ಒಡೆಯನೇ ತನ್ನ ಸರಕಿನ ಬೆಲೆ ಇಳಿಸಿಕೊಂಡ ಮೇಲೆ, ಆ ಸರಕಿನ ಮೇಲೆ ಓಡುವ ಆಪ್ ಮೂಲವೆಚ್ಚದಲ್ಲೇ ನಿಲ್ಲಬಹುದೇ? ಅಢಾವೆ ದಿನಾಂಕದ ನಂತರದ ಘಟನೆಗಳನ್ನು ಕುರಿತ ಲೆಕ್ಕಪತ್ರ ಮಾನಕ 4ರ ಅಡಿಯಲ್ಲಿ ಎರಡು ವಾದಕ್ಕೂ ಎಡೆಯಿತ್ತು. ಘಟನೆ ನಡೆದದ್ದು ಸೆಪ್ಟೆಂಬರಿನಲ್ಲಿ, ಆದ್ದರಿಂದ ಹಿಂದಿನ ವರ್ಷಕ್ಕೆ ಸಂಬಂಧಿಸಿದ್ದಲ್ಲ ಎನ್ನಬಹುದು. ಮಾರ್ಚಿನಲ್ಲೇ ಇದ್ದ ರೋಗ ಸೆಪ್ಟೆಂಬರಿನಲ್ಲಿ ಬಯಲಾಯಿತು ಎಂದೂ ಹೇಳಬಹುದು. ನಾನು ಮೊದಲನೆಯದನ್ನು ಒಪ್ಪಿ, ಒಂದು ಟಿಪ್ಪಣಿ ಸೇರಿಸಿ ಸಹಿ ಮಾಡಿದೆ. ಓವರ್‌ಡ್ರಾಫ್ಟ್ ನವೀಕರಣವಾಯಿತು. ಮರುವರ್ಷ ಇಡೀ ಮೊತ್ತವನ್ನು ಒಮ್ಮೆಗೇ ವಜಾ ಮಾಡಿದೆವು. 1,000 ಡಾಲರಿನ ಮೆಟ್ಟಿಲನ್ನು ಆಪ್ ಹತ್ತಿರಲೇ ಇಲ್ಲ. ಗಾರ್ಟ್‌ನರ್ ಅಂಕಿಅಂಶಗಳಂತೆ 2013ರಲ್ಲಿ ಬ್ಲ್ಯಾಕ್‌ಬೆರಿಯ ಜಾಗತಿಕ ಪಾಲು ಶೇಕಡ 1.9. ಪ್ರೋತ್ಸಾಹಧನದ ಘೋಷಣೆಯನ್ನೇ ನಾನು ಸಾಕ್ಷ್ಯವಾಗಿ ಓದಬೇಕಿತ್ತು ಎಂದು ಈಗ ಅನಿಸುತ್ತದೆ. ಖರೀದಿದಾರರು ಇದ್ದಿದ್ದರೆ ಆಪ್ ಬರೆಯುವವರಿಗೆ ಸಂಸ್ಥೆ ತನ್ನ ಕೈಯಿಂದ ಕನಿಷ್ಠ ಆದಾಯ ಕೊಡಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ಮೈಕ್ರೋಸಾಫ್ಟ್‌ನಂಥ ಸಿರಿವಂತ ಸಂಸ್ಥೆಗೂ ಇದು ಸಾಧ್ಯವಾಗಲಿಲ್ಲ. ವಿಂಡೋಸ್ ಫೋನ್‌ಗಾಗಿ ಅದು ಹಣ ಕೊಟ್ಟಿತು, ಇತರರ ಆಪ್‌ಗಳನ್ನು ತಾನೇ ಬರೆದುಕೊಟ್ಟಿತು. ಆಂಡ್ರಾಯ್ಡ್ ಆಪ್‌ಗಳನ್ನು ತರುವ ‘ಅಸ್ಟೋರಿಯಾ’ ಯೋಜನೆಯನ್ನು 2015ರಲ್ಲಿ ಘೋಷಿಸಿ 2016ರಲ್ಲಿ ಕೈಬಿಟ್ಟಿತು. ನೋಕಿಯಾದ ಫೋನ್ ವ್ಯವಹಾರ ಕೊಂಡದ್ದಕ್ಕೆ ಸಂಬಂಧಿಸಿ 2015ರ ಜುಲೈಯಲ್ಲಿ 760 ಕೋಟಿ ಡಾಲರ್ ವಜಾ ಮಾಡಿತು. ಬಳಕೆದಾರರ ಸಂಖ್ಯೆ ಸಾಲದೆಂದು ಅದರ ಹಿರಿಯ ಅಧಿಕಾರಿಯೊಬ್ಬರು 2017ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು.

ಬ್ಲ್ಯಾಕ್‌ಬೆರಿಯ ಆಪ್ ಅಂಗಡಿ 2019ರ ಡಿಸೆಂಬರ್ 31ರಂದು ಮುಚ್ಚಿತು. 2022ರ ಜನವರಿ 4ರಂದು ಬ್ಲ್ಯಾಕ್‌ಬೆರಿ 10ರ ಸೇವೆಗಳೂ ನಿಂತುವು. ನನ್ನ ಕಕ್ಷಿದಾರರ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಪೋರ್ಟಿಂಗ್ ಕೆಲಸವನ್ನು ಅವರು ಬಿಟ್ಟಿಲ್ಲ. ಆದರೆ ಅರ್ಧ ಹಣವನ್ನು ಮುಂಗಡವಾಗಿ ಪಡೆಯುತ್ತಾರೆ, ಎರಡು ವರ್ಷದ ನಿರ್ವಹಣೆಗೆ ಪ್ರತ್ಯೇಕ ದರ ಬರೆಸಿಕೊಳ್ಳುತ್ತಾರೆ, ಮಾಡಿದ ವೆಚ್ಚವನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕುತ್ತಾರೆ.